ಹೊಯ್ಸಳ ನಾಡಿನ ಹಳೆಯ ಗಣಿಗಳು

ಅರಸೀಕೆರೆಯಲ್ಲಿ ರೈಲಿನಿಂದ ಇಳಿಯುವ ಪ್ರವಾಸಿಗಳಲ್ಲಿ ಹೆಚ್ಚಿನವರಿಗೆ ಈ ಊರು ದಾರಿಯ ಒಂದು ತಂಗುದಾಣ ಮಾತ್ರ. ಒಂದು ಲೋಟ ಕಾಫಿ ಕುಡಿದು ಅವರು ಹಳೇಬೀಡಿನ ಬಸ್ಸು ಹಿಡಿಯುತ್ತಾರೆ. ಸ್ವಲ್ಪ ತಿಳಿದವರಾದರೆ ಊರೊಳಗಿನ ಈಶ್ವರ ದೇವಾಲಯವನ್ನು ನೋಡಿ, 1220ರಲ್ಲಿ ಕಟ್ಟಿದ ಆ ನಕ್ಷತ್ರಾಕಾರದ ಮುಖಮಂಟಪದ ಕೆಳಗೆ ಒಂದು ಗಳಿಗೆ ಕುಳಿತು ಮುಂದೆ ಸಾಗುತ್ತಾರೆ. ನಾನೂ ಹೀಗೆಯೇ ವರ್ಷಕ್ಕೊಮ್ಮೆ ತರಗತಿಯ ಹುಡುಗರನ್ನು ಕಟ್ಟಿಕೊಂಡು ಬೇಲೂರು ಹಳೇಬೀಡಿಗೆ ಹೋಗಿಬರುವವನು. ಶಾಂತಲೆ, ವಿಷ್ಣುವರ್ಧನ, ದಾಸೋಜ, ಮಲ್ಲಿತಮ್ಮ ಎಂದು ಹೇಳಿದ್ದನ್ನೇ ಹೇಳಿ, ಮದನಿಕೆಯರ ಕೆಳಗೆ ನಿಲ್ಲಿಸಿ ಫೋಟೋ ತೆಗೆಸಿ, ಕತ್ತಲಾಗುವುದರೊಳಗೆ ಮನೆಗೆ ಮುಟ್ಟಿಸುವುದು ನನ್ನ ಕೆಲಸ.

ಇಂತಹದೊಂದು ಪ್ರವಾಸದಲ್ಲಿ, ಹೊಯ್ಸಳೇಶ್ವರನ ಗುಡಿಯ ಜಗತಿಯ ಮೇಲೆ ನಿಂತು ಆನೆಗಳ ಸಾಲನ್ನು ತೋರಿಸುತ್ತಿದ್ದಾಗ, ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ: “ಸಾರ್, ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ ಬಂತು?” ಉಳಿದವರು ನಕ್ಕರು. ನಾನು ಪುಸ್ತಕದ ಉತ್ತರ ಹೇಳಿದೆ. ಭೂಮಿಯ ಕಂದಾಯ, ಸುಂಕ, ಸಾಮಂತರ ಕಪ್ಪ, ಯುದ್ಧದ ಕೊಳ್ಳೆ, ಶ್ರೀಮಂತ ದಂಡನಾಯಕರ ದತ್ತಿ. ಹುಡುಗ ತಲೆಯಾಡಿಸಿದ, ಆದರೆ ಒಪ್ಪಿದಂತೆ ಕಾಣಲಿಲ್ಲ. ಬಸ್ಸಿನ ಬಳಿ ಬಂದಾಗ ಮೆಲ್ಲನೆ, “ನಮ್ಮೂರ ಗುಡ್ಡದಲ್ಲಿ ರಾಜರ ಕಾಲದ ಚಿನ್ನದ ಗುಂಡಿ ಇದೆ ಸಾರ್, ಒಳಗೆ ಸುರಂಗ ಐತಂತೆ” ಎಂದ. ಈ ಲೇಖನ ಹುಟ್ಟಿದ್ದು ಆ ಮಾತಿನಿಂದ.

ಹುಡುಗನ ಪ್ರಶ್ನೆ ಹಗುರವಾದುದಲ್ಲ. ವಿಷ್ಣುವರ್ಧನನು 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದು, ಮರುವರ್ಷವೇ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಿಸಿದ. ಅದೇ ಅರಸನ ಚಿನ್ನದ ನಾಣ್ಯಗಳು ನಮಗೆ ದೊರೆತಿವೆ. ಒಂದರ ಮೇಲೆ ‘ಶ್ರೀ ತಲಕಾಡುಗೊಂಡ’ ಎಂದೂ ಇನ್ನೊಂದರ ಮೇಲೆ ‘ಶ್ರೀ ನೊಳಂಬವಾಡಿಗೊಂಡ’ ಎಂದೂ ಅಚ್ಚಗನ್ನಡದ ಅಕ್ಷರಗಳಿವೆ. ಗೆದ್ದ ನಾಡಿನ ಹೆಸರನ್ನು ಹೊನ್ನಿನ ಮೇಲೆ ಹೊಡೆಸುವಷ್ಟು ಹೊನ್ನು ಅವನ ಬಳಿ ಇದ್ದಿತೆಂಬುದು ಸ್ಪಷ್ಟ. ಇನ್ನೂರು ವರ್ಷಗಳ ತರುವಾಯ, 1311ರಲ್ಲಿ, ಮಲಿಕ್ ಕಾಫೂರನ ದಂಡು ದೋರಸಮುದ್ರದ ಬಾಗಿಲಿಗೆ ಬಂದಿತು. ಆ ದಂಡಯಾತ್ರೆಯಿಂದ ದೆಹಲಿಗೆ 612 ಆನೆ, 20,000 ಕುದುರೆ, 96,000 ಮಣ ಚಿನ್ನ ಹೋಯಿತೆಂದು ಚರಿತ್ರಕಾರ ಬರನಿ ಬರೆದಿದ್ದಾನೆ. ಆಸ್ಥಾನದ ಲೇಖಕರ ಲೆಕ್ಕವನ್ನು ಅರ್ಧಕ್ಕರ್ಧ ಇಳಿಸಿಯೇ ಓದಬೇಕು. ಅದು ಮಧುರೆಯ ಕೊಳ್ಳೆಯನ್ನೂ ಸೇರಿಸಿದ ಲೆಕ್ಕ ಬೇರೆ. ಎಷ್ಟು ಇಳಿಸಿದರೂ ಉಳಿಯುವ ಚಿನ್ನ ಮಾತ್ರ ಕಡಿಮೆಯದಲ್ಲ.

ಹುಡುಗ ಹೇಳಿದ ಗುಂಡಿಯನ್ನು ನೋಡಲು ನಾನೊಬ್ಬನೇ ಹೋಗಲಿಲ್ಲ. ಭೂವಿಜ್ಞಾನ ಕಲಿಸುವ ಮಿತ್ರರೊಬ್ಬರನ್ನು ಜೊತೆಗೆ ಕರೆದುಕೊಂಡೆ. ಬಸ್ಸಿನಲ್ಲಿ ಅವರು ಹೇಳಿದ್ದನ್ನು ಮೊದಲು ಹೇಳಬೇಕು. ಏಕೆಂದರೆ ಇಪ್ಪತ್ತು ವರ್ಷ ಈ ಸೀಮೆಯಲ್ಲಿ ಓಡಾಡಿಯೂ ನನಗದು ತಿಳಿದಿರಲಿಲ್ಲ. ಅರಸೀಕೆರೆಯ ಕಡೆಯಿಂದ ದಕ್ಷಿಣಕ್ಕೆ ನುಗ್ಗೇಹಳ್ಳಿಯ ಮೇಲಾಗಿ ಚನ್ನರಾಯಪಟ್ಟಣ ತಾಲ್ಲೂಕಿನ ಕೆಂಪಿನಕೋಟೆಯವರೆಗೆ, ಸುಮಾರು 60 ಕಿಲೋಮೀಟರ್ ಉದ್ದಕ್ಕೆ, ಕರಿಹಸಿರು ಬಣ್ಣದ ಪದರುಗಲ್ಲಿನ ಒಂದು ಪಟ್ಟಿ ಹಾಸಿಕೊಂಡಿದೆ. ಅಗಲ ಕೆಲವೇ ಕಿಲೋಮೀಟರ್. ವಯಸ್ಸು ಮುನ್ನೂರು ಕೋಟಿ ವರ್ಷಕ್ಕೂ ಮೇಲು. ಸುತ್ತಲಿನ ಬಿಳಿಯ ಹಾಸುಬಂಡೆಯ ನಡುವೆ ಇದು ಹಳೆಯ ಪಂಚೆಯ ಅಂಚಿನಂತೆ ತೆಳ್ಳಗೆ ಓಡುತ್ತದೆ. ಭೂವಿಜ್ಞಾನಿಗಳು ಇದನ್ನು ನುಗ್ಗೇಹಳ್ಳಿ ಪಟ್ಟಿ ಎನ್ನುತ್ತಾರೆ. ಭೈರಾಪುರದ ಕ್ರೋಮೈಟು ಇದರೊಳಗಿನದು. ತಗಡೂರಿನ ಅಯಸ್ಕಾಂತದ ಅದುರು ಇದರೊಳಗಿನದು. ಕೆಂಪಿನಕೋಟೆಯ ಹಳೆಯ ಚಿನ್ನದ ಗುಂಡಿಗಳು ಇದರ ದಕ್ಷಿಣದ ತುದಿಯಲ್ಲಿವೆ. ಅರಸೀಕೆರೆ ತಾಲ್ಲೂಕಿನದೇ ಆದ ಕಲ್ಯಾಡಿಯಲ್ಲಿ ತಾಮ್ರ.

“ಹೊಯ್ಸಳರ ಗುಡಿಗಳ ಕಲ್ಲು ಯಾವುದು ಹೇಳಿ?” ಎಂದು ಕೇಳಿದರು ಮಿತ್ರರು. ಬಳಪದ ಕಲ್ಲು ಎಂದೆ. ಅಗೆದಾಗ ಮೆದು, ಗಾಳಿ ಬಿಸಿಲು ತಾಕಿದ ಮೇಲೆ ಗಟ್ಟಿ. ಅದಕ್ಕೇ ಮುತ್ತಿನ ಸರದ ಒಂದೊಂದು ಮುತ್ತನ್ನೂ ಬಿಡಿಸಿ ಕೆತ್ತಲು ಸಾಧ್ಯವಾಯಿತೆಂದು ವರ್ಷ ವರ್ಷವೂ ಹುಡುಗರಿಗೆ ಹೇಳುವವನು ನಾನೇ. “ಆ ಬಳಪದ ಕಲ್ಲೂ ಈ ಅದುರುಗಳೂ ಒಂದೇ ಕುಲದವು. ಇಂತಹ ಪದರುಗಲ್ಲಿನ ಪಟ್ಟಿಗಳಲ್ಲೇ ಎರಡೂ ಸಿಕ್ಕುವುದು” ಎಂದರು. ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹನ ಗುಡಿಯನ್ನು ನಾನು ಹತ್ತು ಸಲವಾದರೂ ನೋಡಿದ್ದೇನೆ. ಬೈಚೋಜ ಮತ್ತು ಮಲ್ಲಿತಮ್ಮರ ಕೈಚಳಕವನ್ನು ಹೋಲಿಸಿ ಟಿಪ್ಪಣಿ ಮಾಡಿಕೊಂಡಿದ್ದೇನೆ. ಆ ಗುಡಿ ನಿಂತ ನೆಲದ ಒಳಗೇನಿದೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಸಾಹಿತ್ಯ ಓದಿದವರ ಕಣ್ಣು ಸಾಮಾನ್ಯವಾಗಿ ನೆಲದ ಮೇಲಿನದನ್ನೇ ನೋಡುತ್ತದೆ.

ನಾವು ಹೋದ ಗುಡ್ಡದ ಹೆಸರನ್ನು, ಊರಿನ ಹೆಸರನ್ನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ. ಆ ಪದರುಗಲ್ಲಿನ ಸೀಮೆಯ ಒಂದು ಸಣ್ಣ ಗುಡ್ಡ ಎಂದಷ್ಟೇ ತಿಳಿದರೆ ಸಾಕು. ಊರಿನ ತೆಂಗಿನ ತೋಟಗಳು ಮುಗಿದು ರಾಗಿಯ ಹೊಲ, ಹೊಲ ಮುಗಿದು ತಂಗಡಿ ಬಂದಾರೆಗಳ ಪೊದೆ. ಹುಡುಗನ ಮನೆಯಲ್ಲಿ ಮಜ್ಜಿಗೆ ಕೊಟ್ಟು, ದಾರಿ ತೋರಿಸಲು ಅವನ ದೊಡ್ಡಪ್ಪನನ್ನು ಜೊತೆ ಮಾಡಿದರು. ಎಪ್ಪತ್ತು ದಾಟಿದ ಹಿರಿಯರು, ಕಿರಿ ವಯಸ್ಸಿನಲ್ಲಿ ಕೆಲವು ವರ್ಷ ತಾಮ್ರದ ಗಣಿಯಲ್ಲಿ ದುಡಿದವರು. ನಾನು ‘ಯಜಮಾನರೇ’ ಎಂದು ಕರೆದರೆ ಅವರು ನನ್ನನ್ನು ‘ಮೇಷ್ಟ್ರೇ’ ಎಂದೇ ಕೂಗುತ್ತಿದ್ದರು.

ಮಿತ್ರರ ಕೈಯಲ್ಲಿ ಸುತ್ತಿಗೆಯಿತ್ತು. ನನ್ನ ಪಾಲಿಗೆ ಕೌಟಿಲ್ಯನಿದ್ದ. ಮೈಸೂರಿನ ಓರಿಯೆಂಟಲ್ ಲೈಬ್ರರಿಯ ತಾಳೆಗರಿಯಿಂದ ಆರ್. ಶಾಮಶಾಸ್ತ್ರಿಗಳು ಪ್ರಪಂಚಕ್ಕೆ ಕೊಟ್ಟ, 1909ರಲ್ಲಿ ಅಚ್ಚಾದ ‘ಅರ್ಥಶಾಸ್ತ್ರ’ದಲ್ಲಿ ಗಣಿಗಳ ಅಧ್ಯಕ್ಷನಿಗೆ ಒಂದು ಪಾಠವಿದೆ. ಹಿಂದೆ ಯಾರಾದರೂ ಅಗೆದು ಬಿಟ್ಟ ಗಣಿಯನ್ನು ಗುರುತಿಸಬೇಕಾದರೆ ಅಲ್ಲಿ ಕಿಟ್ಟ, ಮೂಸೆ, ಇದ್ದಿಲು, ಬೂದಿ ಇವನ್ನು ಹುಡುಕಬೇಕು ಎಂಬುದು ಅದರ ತಾತ್ಪರ್ಯ. ಕಿಟ್ಟ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಜೀವಂತವಾಗಿದೆ. ಕಬ್ಬಿಣ ಕಾಸಿದ ಕುಲುಮೆಯ ಕಸವೇ ಕಿಟ್ಟ. ಗಣಿ ಎಂಬುದಾದರೂ ಸಂಸ್ಕೃತದ ‘ಖನಿ’ ನಮ್ಮ ಬಾಯಲ್ಲಿ ಪಡೆದ ರೂಪ. ಶಾಸ್ತ್ರದ ಮಾತು ನಿಜವೋ ಸುಳ್ಳೋ ಎಂದು ನೋಡುವ ಕುತೂಹಲ ನನಗೆ. ಗುಡ್ಡದ ಬುಡದಲ್ಲಿ ಯಜಮಾನರು ಕಾಲಿನಿಂದ ಮಣ್ಣು ಕೆದರಿ ಒಂದು ಉಂಡೆಯನ್ನು ಎತ್ತಿ ಕೊಟ್ಟರು. ಕಪ್ಪು, ಗುಳ್ಳೆ ಗುಳ್ಳೆಯಾದ, ಕಾಣುವುದಕ್ಕಿಂತ ಭಾರವಾದ ಉಂಡೆ. “ಇದರ ಬೇಕಾದಷ್ಟು ಬಿದ್ದವೆ. ಹೊಲಕ್ಕೆ ಬಂದ್ರೆ ನೇಗಿಲು ತಾಗಿ ಟಣ್ ಅಂತದೆ” ಎಂದರು. ಕೌಟಿಲ್ಯ ಗೆದ್ದ.

ಗುಂಡಿಯ ಬಾಯಿ ಗುಡ್ಡದ ಪೂರ್ವದ ಮಗ್ಗುಲಲ್ಲಿದೆ. ಜಾಲಿಯ ಮುಳ್ಳು ಎಳೆದು ಮುಚ್ಚಿದ್ದರು. ಅದನ್ನು ಸರಿಸಿದಾಗ ತಣ್ಣನೆಯ ಗಾಳಿ ಮುಖಕ್ಕೆ ಬಂತು, ಅದರ ಹಿಂದೆಯೇ ಬಾವಲಿಯ ವಾಸನೆ. ಟಾರ್ಚು ಹಿಡಿದು ನುಗ್ಗಲು ಹೊರಟ ನಮ್ಮನ್ನು ಯಜಮಾನರು ತಡೆದರು. ಜೇಬಿನಿಂದ ಮೇಣದ ಬತ್ತಿಯೊಂದನ್ನು ತೆಗೆದು ಹಚ್ಚಿ ಮಿತ್ರರ ಕೈಗೆ ಕೊಟ್ಟು, “ಬ್ಯಾಟ್ರಿ ಕೆಟ್ಟ ಗಾಳೀಲೂ ಉರೀತದೆ ಮೇಷ್ಟ್ರೇ, ಅದನ್ನ ನಂಬಬ್ಯಾಡಿ. ಇದು ಮಂಕಾದ್ರೆ ಮಾತಾಡದೆ ಹಿಂದಕ್ಕೆ ಬಂದ್ಬಿಡಿ. ಇದು ಸುಳ್ಳು ಹೇಳಾಕಿಲ್ಲ” ಎಂದರು. ತಾವು ಒಳಗೆ ಬರಲಿಲ್ಲ. ಏಕೆಂದು ಕೇಳಿದ್ದಕ್ಕೆ ಎದೆಯನ್ನು ತಟ್ಟಿ ತೋರಿಸಿದರು. ಬೆಟ್ಟ ಹತ್ತುವಾಗಿನಿಂದಲೂ ಅವರು ಕೆಮ್ಮುತ್ತಿದ್ದುದನ್ನು ನಾವು ಗಮನಿಸಿದ್ದೆವು.

ಮೊದಲ ಹದಿನೈದು ಇಪ್ಪತ್ತು ಹೆಜ್ಜೆ ಸುಮಾರಾಗಿ ನಿಂತೇ ನಡೆಯಬಹುದು. ಗೋಡೆಯ ಕಲ್ಲು ಒರಟು, ಮೊನೆ ಮೊನೆ. ಮಿತ್ರರು ಬೆಳಕನ್ನು ಓರೆಯಾಗಿ ಹಿಡಿದು ಒಂದು ಕಡೆ ಬೆರಳಿಟ್ಟರು. ಕಲ್ಲಿನಲ್ಲಿ ಬೆರಳು ಕೂರುವಷ್ಟು ಗಾತ್ರದ, ನೇರವಾದ ಅರ್ಧ ಕೊಳವೆಯ ಗುರುತು. ಅಂತಹವು ಅಲ್ಲಲ್ಲಿ ಮೂರು ನಾಲ್ಕಿದ್ದವು. ಇವು ಮದ್ದು ತುಂಬಲು ಕೊರೆದ ತೂತುಗಳು. ಮದ್ದು ಸಿಡಿದಾಗ ತೂತಿನ ಅರ್ಧ ಕಲ್ಲಿನೊಂದಿಗೆ ಹಾರಿಹೋಗಿ ಅರ್ಧ ಗೋಡೆಯಲ್ಲಿ ಉಳಿಯುತ್ತದೆ. ಆದುದರಿಂದ ಈ ಭಾಗ ಹಳೆಯದಲ್ಲ. ಮದ್ದು ಹೊಡೆದು ಅಗೆಯುವ ಪದ್ಧತಿ ನಮ್ಮಲ್ಲಿ ಬಂದದ್ದು ಕಂಪನಿಗಳ ಕಾಲಕ್ಕೆ. ಯಾರೋ ಅದುರನ್ನು ಪರೀಕ್ಷಿಸಲು ಹೊಡೆದು ನೋಡಿ ಬಿಟ್ಟ ಸುರಂಗ. ‘ರಾಜರ ಕಾಲ’ ಇಷ್ಟೇ ಏನು ಎಂದು ನನಗೆ ನಿರಾಶೆಯಾಯಿತು.

ಆದರೆ ಅಲ್ಲಿಂದ ಮುಂದೆ ಸುರಂಗ ಎಡಕ್ಕೆ ಒಡೆದುಕೊಂಡು ಬೇರೊಂದು ಪೊಟರೆಗೆ ಸೇರುತ್ತಿತ್ತು. ಅದರ ಬಾಯಿ ಎರಡು ಅಡಿ ಅಗಲವೂ ಇದ್ದಿರಲಾರದು. ಬೆಳಕು ಬಿಟ್ಟರೆ ಒಳಗೆ ಓರೆಯಾಗಿ ಇಳಿಯುವ ಒಂದು ಕೊರಕಲು. ಇಲ್ಲಿನ ಗೋಡೆಯಲ್ಲಿ ಒಂದು ಮೊನೆಯೂ ಇಲ್ಲ. ಗಡಿಗೆಯ ಒಳಮೈಯಂತೆ ಉರುಟು, ನುಣುಪು. ತೂತಿನ ಗುರುತೂ ಇಲ್ಲ. ಮೇಲ್ಭಾಗದಲ್ಲಿ ಮಸಿ. ಮಿತ್ರರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇದು ಬೆಂಕಿ” ಎಂದರು.

ಪ್ರಾಚೀನರ ಗಣಿಗಾರಿಕೆಯ ಗುಟ್ಟೆಲ್ಲ ಆ ಒಂದು ಮಾತಿನಲ್ಲಿದೆ. ಉಕ್ಕಿನ ಉಳಿಗೆ ಜಗ್ಗದ ಕಲ್ಲಿಗೆ ಸೌದೆ ಒಟ್ಟಿ ಬೆಂಕಿ ಹಾಕುವುದು. ಕಲ್ಲು ಕಾದು ಕೆಂಪಾದಾಗ ನೀರು ಎರಚುವುದು. ಸೀಳುಬಿಟ್ಟ ಕಲ್ಲನ್ನು ಮೀಟಿ ಕಿತ್ತು ಬುಟ್ಟಿಗೆ ತುಂಬುವುದು. ಒಂದು ಬೆಂಕಿಗೆ ಕೆಲವು ಅಂಗುಲ ಕಲ್ಲು ಬಿಟ್ಟರೆ ಅದೇ ಪುಣ್ಯ. ಹೊಗೆ ಹೋಗುವವರೆಗೂ ಒಳಗೆ ಯಾರೂ ಇಳಿಯುವಂತಿಲ್ಲ. ಕೆಲಸಕ್ಕೆ ಬಾರದ ಕಲ್ಲನ್ನು ಮೇಲಕ್ಕೆ ಹೊರುವ ದಂಡ ಯಾರಿಗೆ ಬೇಕು? ಅದನ್ನು ಅಗೆದು ಮುಗಿದ ಕಡೆ ಒಳಗೇ ತುಂಬಿಬಿಡುತ್ತಿದ್ದರು. ಅದುರಿನ ಎಳೆ ಎಷ್ಟು ಅಗಲವೋ ಸುರಂಗವೂ ಅಷ್ಟೇ ಅಗಲ. ದೊಡ್ಡ ಆಳು ಇಂತಹ ಕಡೆ ತೂರಲಾರ. ಹೀಗಾಗಿಯೇ ಹಳೆಯ ಗಣಿಗಳಿರುವ ಕಡೆ ಅವನ್ನು ಕುಳ್ಳರು ಅಗೆದರೆಂಬ ಕತೆ ಹುಟ್ಟಿಕೊಳ್ಳುತ್ತದೆ. ಕುಳ್ಳರಲ್ಲ, ಎಳೆಯರಿರಬೇಕು ಎಂಬ ಯೋಚನೆ ಆ ಬಾಯಿಯ ಮುಂದೆ ಕುಳಿತಾಗ ನನಗೆ ಬಂತು. ನನ್ನ ಮಗನ ಭುಜದ ಅಳತೆಯನ್ನು ಮನಸ್ಸಿನಲ್ಲೇ ಆ ಕಿಂಡಿಗೆ ಇಟ್ಟು ನೋಡಿದೆ.

ಈ ಪದ್ಧತಿಯ ಕೊನೆಯ ಎಳೆಯನ್ನು ಕಣ್ಣಾರೆ ಕಂಡು ಬರೆದಿಟ್ಟ ಒಬ್ಬನಿದ್ದಾನೆ. ಟಿಪ್ಪುವಿನ ಪತನದ ನಂತರ ಮೈಸೂರಿನ ಗಡಿ ಅಳೆಯಲು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರೆನ್. 1802ರಲ್ಲಿ ಕೋಲಾರದ ಊರಿಗಾಮಿನ ಬಳಿ ಚಿನ್ನದ ಮಾತು ಅವನ ಕಿವಿಗೆ ಬಿತ್ತು. ಬಹುಮಾನ ಕೊಡುವೆನೆಂದಾಗ ಹಳ್ಳಿಯವರು ಗಾಡಿಯಲ್ಲಿ ಮಣ್ಣು ತಂದು ಅವನೆದುರೇ ತೊಳೆದು ಚಿನ್ನದ ಕಣ ತೋರಿಸಿದರು. ಮಾರಿಕುಪ್ಪದ ಗುಂಡಿಗಳಲ್ಲಿ ಗಂಡಸರು ಕೈಯಿಂದ ಕೈಗೆ ಬುಟ್ಟಿ ದಾಟಿಸಿ ಕಲ್ಲನ್ನು ಮೇಲಕ್ಕೆ ತರುವುದನ್ನೂ, ಹೆಂಗಸರು ಅದನ್ನು ಹಾಸುಬಂಡೆಯ ಮೇಲೆ ಕುಟ್ಟಿ ಪುಡಿ ಮಾಡುವುದನ್ನೂ ಅವನು ನೋಡಿದ. ಅಂತಹ ಬಂಡೆಗಳ ಮೇಲೆ ಕುಟ್ಟಿ ಕುಟ್ಟಿ ಒರಳಿನಂತಾದ ಕುಳಿಗಳು ಹಳೆಯ ಚಿನ್ನದ ಗಣಿಗಳಿರುವಲ್ಲೆಲ್ಲ ಕಾಣುತ್ತವೆ. ಹಳ್ಳಿಯವರು ಅವನ್ನು ಭೀಮನ ಹೆಜ್ಜೆ, ಸೀತಮ್ಮನ ಒರಳು ಎನ್ನುವುದುಂಟು. ಗದಗಿನ ಕಡೆ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಿಗೆ ಹಿಡಿದು ಮರಳು ತೊಳೆದು ಚಿನ್ನ ತೆಗೆಯುತ್ತಿದ್ದ ಜಾಲಗಾರರೂ ಇದೇ ಪರಂಪರೆಯ ಮಂದಿ.

ಆದರೆ ನಾವು ನೋಡುತ್ತಿದ್ದುದು ಚಿನ್ನದ ಗಣಿಯೇ ಅಲ್ಲ. ಪೊಟರೆಯ ಒಂದು ಪಕ್ಕದಲ್ಲಿ ನೀರು ಜಿನುಗಿ ಒಣಗಿದ ಕಡೆ, ಅಡಿಕೆಯ ತೋಟಕ್ಕೆ ಮೈಲುತುತ್ತ ಹೊಡೆದಾಗ ಎಲೆಯ ಮೇಲೆ ನಿಲ್ಲುವಂತಹ ಹಸಿರು ನೀಲಿ ಕಲೆಗಳಿದ್ದವು. ತಾಮ್ರ. ಊರವರು ನೂರಾರು ವರ್ಷ ಚಿನ್ನ ಚಿನ್ನ ಎಂದುಕೊಂಡು ಬಂದದ್ದು ತಾಮ್ರದ ಗುಂಡಿಯನ್ನು. ಹುಡುಗನಿಗೆ ಇದನ್ನು ಹೇಗೆ ಹೇಳಲಿ ಎಂದು ನಾನು ಯೋಚಿಸುತ್ತಿದ್ದರೆ ಮಿತ್ರರು ಹಿಗ್ಗಿಹೋಗಿದ್ದರು. ಕೆಳಗೆ ಕಿಟ್ಟ ಏಕೆ ಬಿದ್ದಿದೆಯೆಂಬುದಕ್ಕೂ ಇದೇ ಉತ್ತರ. ಚಿನ್ನವನ್ನು ಕುಟ್ಟಿ ತೊಳೆದರೆ ಸಾಕು. ತಾಮ್ರವನ್ನಾದರೋ ಕುಲುಮೆಯಲ್ಲಿ ಕಾಸಿಯೇ ತೆಗೆಯಬೇಕು.

ನನಗೂ ಕ್ರಮೇಣ ತಾಮ್ರವೇ ಹೆಚ್ಚೆನಿಸತೊಡಗಿತು. ನಮ್ಮ ಮನೆಯ ‘ಚೆಂಬು’ ಎಂಬ ಮಾತನ್ನು ನೋಡಿ. ತಮಿಳಿನಲ್ಲಿ ಇಂದಿಗೂ ಅದಕ್ಕೆ ತಾಮ್ರವೆಂದೇ ಅರ್ಥ, ಕೆಂಪು ಲೋಹ. ಕನ್ನಡದಲ್ಲಿ ಲೋಹದ ಹೆಸರು ಪಾತ್ರೆಗೆ ಅಂಟಿಕೊಂಡು ಉಳಿಯಿತು. ಗುಡಿಯ ಗಂಟೆ, ದೀಪದ ಕಂಬ, ಪೂಜೆಯ ಪಂಚಪಾತ್ರೆ, ದೊರೆ ದತ್ತಿ ಬರೆಸಿ ಕೊಟ್ಟ ತಾಮ್ರಶಾಸನ, ಇವುಗಳೆಲ್ಲದರ ಹುಟ್ಟು ಇಂತಹ ಯಾವುದೋ ಕತ್ತಲೆಯ ಕೊರಕಲಿನಲ್ಲಿ. ತಾಮ್ರಪಟ ದೊರೆತರೆ ನಾವು ವಿದ್ವಾಂಸರು ಅದರ ಮೇಲಿನ ಅಕ್ಷರವನ್ನು ಭೂತಗನ್ನಡಿ ಹಿಡಿದು ಓದುತ್ತೇವೆ. ತಗಡು ಎಲ್ಲಿಯದು ಎಂದು ಕೇಳುವವರು ವಿರಳ.

ಶಾಸನಗಳ ಮಾತು ಬಂದುದರಿಂದ ಇನ್ನೊಂದು ವಿಷಯ. ಭೂಮಿಯನ್ನು ದಾನ ಕೊಡುವಾಗ ಅದರೊಡನೆ ಎಂಟು ಹಕ್ಕುಗಳನ್ನು ಕೊಡುವ ವಾಡಿಕೆಯಿತ್ತು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಅಷ್ಟಭೋಗತೇಜಸ್ವಾಮ್ಯ ಎಂದು ಇದರ ಹೆಸರು. ತರಗತಿಯಲ್ಲಿ ನಾನು ಇದನ್ನು ಮಂತ್ರದಂತೆ ಒಪ್ಪಿಸಿ ಮುಂದಿನ ಸಾಲಿಗೆ ಹೋಗುತ್ತಿದ್ದೆ. ಇದರ ಮೊದಲ ನಾಲ್ಕೂ ನೆಲದ ಒಳಗಿನ ಸಂಪತ್ತಿಗೆ ಸಂಬಂಧಿಸಿದವು. ಹೂತಿಟ್ಟದ್ದು, ಇಟ್ಟು ಬಿಟ್ಟದ್ದು, ನೀರು, ಕಲ್ಲು. ಕಲ್ಲೆಂದರೆ ಕಲ್ಲಿನೊಳಗಿನದೂ ಹೌದು. ನೆಲದ ಕೆಳಗೆ ಬೆಲೆಯುಳ್ಳದ್ದು ಇದೆಯೆಂಬ ಅರಿವು ಆಳುವವರಿಗೆ ಚೆನ್ನಾಗಿಯೇ ಇತ್ತು, ಬರಿಯ ಮಾತಿನ ಅಲಂಕಾರಕ್ಕೆ ಪಾಷಾಣವೆಂದು ಬರೆಸಲಿಲ್ಲ.

ಇಷ್ಟಾದ ಮೇಲೆ ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ನಂಬಿಬಿಡುವ ಆಸೆ ನನಗೆ ಬಲವಾಗಿ ಹುಟ್ಟಿತು. ಕೆಂಪಿನಕೋಟೆಯ ಹೊನ್ನೇ ವಿಷ್ಣುವರ್ಧನನ ನಾಣ್ಯ, ಈ ಗುಡ್ಡದ ತಾಮ್ರವೇ ಬೇಲೂರಿನ ಗಂಟೆ ಎಂದು ಬರೆದರೆ ಎಷ್ಟು ಸೊಗಸು! ಮನೆಗೆ ಬಂದು ರೈಸ್ ಸಾಹೇಬರು 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು ಮತ್ತೆ ತೆರೆದು ಕುಳಿತೆ. ಕೆರೆ ಕಟ್ಟಿಸಿದವರು, ಗುಡಿ ಕಟ್ಟಿಸಿದವರು, ತುರುಗಾಳಗದಲ್ಲಿ ಸತ್ತವರು, ದೊರೆಯೊಡನೆ ಪ್ರಾಣ ಕೊಟ್ಟ ಗರುಡರು, ಗಾಣದ ಸುಂಕ, ಮದುವೆಯ ಸುಂಕ, ಮಗ್ಗದ ಸುಂಕ, ಎಲ್ಲ ಸಿಕ್ಕಿದರು. ಗಣಿ ಅಗೆದವನೊಬ್ಬನ ಹೆಸರು ನನ್ನ ಕಣ್ಣಿಗೆ ಬೀಳಲಿಲ್ಲ. ಶಾಸನವಿಲ್ಲದ ಕಡೆ ಚರಿತ್ರೆಯನ್ನು ಊಹೆಯಿಂದ ತುಂಬುವುದು ನಮ್ಮವರ ಒಂದು ದೊಡ್ಡ ದೌರ್ಬಲ್ಯ. ಊರ ಹೆಸರಿನಲ್ಲಿ ‘ಹೊನ್ನು’ ಕಂಡೊಡನೆ ಅಲ್ಲಿ ಚಿನ್ನವಿತ್ತೆಂದು ಬರೆದವರನ್ನು ಬಲ್ಲೆ. ಹೊನ್ನೆಯೆಂಬ ಮರವೊಂದು ನಮ್ಮ ಕಾಡುಗಳಲ್ಲಿದೆಯೆಂಬುದು ಅವರಿಗೆ ನೆನಪಾಗುವುದಿಲ್ಲ. ಆದಕಾರಣ ನನ್ನ ಆಸೆಯನ್ನು ಅಲ್ಲಿಗೇ ಬಿಟ್ಟೆ.

ಹಾಗೆಂದು ಗಣಿಗಳು ಮೂಕವಲ್ಲ. ಅವುಗಳ ಭಾಷೆಯನ್ನು ಓದುವವರು ಬೇರೆ. ರಾಯಚೂರು ಜಿಲ್ಲೆಯ ಹಟ್ಟಿಯ ಚಿನ್ನದ ಗಣಿಯಲ್ಲಿ ಪ್ರಾಚೀನರ ಅಗೆತ 640 ಅಡಿ ಆಳಕ್ಕೆ ಹೋಗಿದೆ. ಮದ್ದಿಲ್ಲದೆ, ಪಂಪಿಲ್ಲದೆ! ಅಲ್ಲಿ ಸಿಕ್ಕ ಹಳೆಯ ಮರದ ತುಂಡುಗಳನ್ನು ಇಂಗಾಲದ ಪರೀಕ್ಷೆಗೆ ಒಡ್ಡಿದಾಗ ಸುಮಾರು 1900 ವರ್ಷಗಳ ಹಿಂದಿನವೆಂದು ತಿಳಿಯಿತು. ಅಂದರೆ ಸಾತವಾಹನರ ಕಾಲ. ಒಂದು ತುಂಡು ಸೌದೆ, ಅರಸರ ಹೆಸರೇ ಇಲ್ಲದ ಕಡೆ ಶತಮಾನವನ್ನು ಹೇಳಿತು. ಅದೇ ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರು ಚಿನ್ನ ಹುಡುಕುತ್ತ ಹೋಗಿ ‘ಅಶೋಕ’ ಎಂಬ ಹೆಸರುಳ್ಳ ಬಂಡೆಶಾಸನವನ್ನು ಕಂಡುದು ಎಲ್ಲರಿಗೂ ಗೊತ್ತಿರುವ ಸಂಗತಿ. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಸಿದ್ಧವಾದದ್ದು ಆ ಶಾಸನದಿಂದ. ಅಶೋಕನ ಆಡಳಿತದ ಒಂದು ನೆಲೆಗೆ ಸುವರ್ಣಗಿರಿ ಎಂದು ಹೆಸರಿದ್ದುದು ಬ್ರಹ್ಮಗಿರಿಯ ಶಾಸನದಲ್ಲಿದೆ.

ಹಳೆಯವರ ಗುಂಡಿಯನ್ನು ಗೌರವದಿಂದ ಓದಿದವರು ಚರಿತ್ರಕಾರರಿಗಿಂತ ಮೊದಲು ಕಂಪನಿಯವರು ಎಂಬುದು ನಾಚಿಕೆಯ ಮಾತಾದರೂ ನಿಜ. ವಾರೆನನ ವರದಿಯನ್ನು ಓದಿದ ಮೈಕೇಲ್ ಲವೆಲ್ ಎಂಬ ನಿವೃತ್ತ ಸೈನಿಕ 1870ರ ದಶಕದಲ್ಲಿ ಕೋಲಾರಕ್ಕೆ ಬಂದ. 1880ರಲ್ಲಿ ಜಾನ್ ಟೇಲರ್ ಕಂಪನಿ ಸೇರಿತು. ಹಣವೆಲ್ಲ ಕರಗಿ ಲಂಡನ್ನಿನ ಪಾಲುದಾರರು ಕೈಚೆಲ್ಲುವ ಹೊತ್ತಿಗೆ ಪ್ಲಮರ್ ಎಂಬಾತ ಪ್ರಾಚೀನರ ಗುಂಡಿಯ ಅಡಿಯಲ್ಲೇ ಅಗೆಸಿ ಪ್ರಸಿದ್ಧವಾದ ಚಾಂಪಿಯನ್ ಎಳೆಯನ್ನು ಮುಟ್ಟಿದ. ಆಮೇಲಿನದು ಎಲ್ಲರೂ ಬಲ್ಲ ಕತೆ. ನೆಲದೊಳಕ್ಕೆ ಮೂರು ಕಿಲೋಮೀಟರಿಗೂ ಮೀರಿ ಇಳಿದ ಆ ಗಣಿ ಸುಮಾರು 800 ಟನ್ ಚಿನ್ನ ಕೊಟ್ಟು 2001ರಲ್ಲಿ ಮುಚ್ಚಿತು. ಕೋಲಾರದ ಗೆಲುವಿನ ನಂತರ ಮೈಸೂರು ಸರ್ಕಾರ 1887ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರಿಂದ ರಾಜ್ಯದ ಚಿನ್ನದ ನೆಲೆಗಳನ್ನೆಲ್ಲ ಸುತ್ತಿಸಿ ವರದಿ ಬರೆಸಿತು. 1894ರಲ್ಲಿ ಭೂವಿಜ್ಞಾನ ಇಲಾಖೆಯನ್ನೇ ತೆರೆಯಿತು. ನಮ್ಮ ಜಿಲ್ಲೆಗೂ ಆಗ ಅದೃಷ್ಟ ಅರಸುವವರು ಬಂದರು. ಎಲ್ಲಿ ಹಳೆಯ ಗುಂಡಿಯೋ ಅಲ್ಲಿ ಹೊಸ ಗೂಟ. ಆದರೆ ಕೋಲಾರದ ಭಾಗ್ಯ ಹಾಸನಕ್ಕೆ ಬರಲಿಲ್ಲ. ಚಿನ್ನ ಅಗೆಯಲು ಬಂದವರು ಕೂಡಲೇ ಹೋದರು. ಕ್ರೋಮೈಟಿನವರು ಬಹುಕಾಲ ನಿಂತರು. ಕಲ್ಯಾಡಿಯ ತಾಮ್ರ ಕೆಲವು ಕಾಲ ಕೆಲಸ ಕೊಟ್ಟು ನಿಂತುಹೋಯಿತು.

ಹೊಸ ಗಣಿ ಹಳೆಯದರ ಮೇಲೆಯೇ ಬೀಳುತ್ತದೆ, ಬಿದ್ದೊಡನೆ ಹಳೆಯದನ್ನು ತಿಂದುಹಾಕುತ್ತದೆ. ಮದ್ದು ಹೊಡೆದಾಗ ಮಸಿ ಹತ್ತಿದ ಗೋಡೆ ಪುಡಿಯಾಗಿ ಹೋಗುತ್ತದೆ. ಕೋಲಾರದಲ್ಲಿ ಪ್ರಾಚೀನರ ಕೈಕೆಲಸ ಬಹುಪಾಲು ನಾಶವಾದದ್ದು ಹೀಗೆ. ನಾವು ಕಂಡ ಆ ಪೊಟರೆ ಉಳಿದಿರುವುದಕ್ಕೆ ಕಾರಣ, ಪರೀಕ್ಷಿಸಿದವರಿಗೆ ಅಲ್ಲಿ ಲಾಭ ಕಾಣದೆ ಹೋದುದು.

ಗ್ರೀಸಿನ ಲಾರಿಯನ್ ಎಂಬಲ್ಲಿ ಬೆಳ್ಳಿಯ ಗಣಿಗಳಿದ್ದವು. ಕ್ರಿ. ಪೂ. 483ರ ಸುಮಾರಿಗೆ ಅಲ್ಲಿ ಸಿಕ್ಕ ಬೆಳ್ಳಿಯಿಂದ ಅಥೆನ್ಸ್ ನಗರ ಹಡಗುಗಳನ್ನು ಕಟ್ಟಿ ಪಾರಸಿಕರನ್ನು ಸಲಾಮಿಸ್‌ನಲ್ಲಿ ಸೋಲಿಸಿತು. ಅಲ್ಲಿ ಅಗೆದವರು ಗುಲಾಮರು, ಅವರ ಹೆಸರೂ ಉಳಿಯಲಿಲ್ಲ. ಆದರೆ ಲಾರಿಯನ್ನಿನ ಸುರಂಗಗಳನ್ನು, ದೀಪವಿಟ್ಟ ಗೂಡುಗಳನ್ನು, ಅದುರು ತೊಳೆದ ಕಟ್ಟೆಗಳನ್ನು ಅಲ್ಲಿನ ವಿದ್ವಾಂಸರು ಪಾರ್ಥೆನಾನ್ ಗುಡಿಯಷ್ಟೇ ಶ್ರದ್ಧೆಯಿಂದ ಅಳೆದು ಬರೆದಿದ್ದಾರೆ.

ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಪಡಬೇಕಾದದ್ದೇ. ಆ ಕಲ್ಲು, ಆ ಉಳಿ, ಆ ಗಂಟೆ ಹೊರಟ ಈ ನೆಲದ ಗುಂಡಿಗಳಿಗೆ ಒಂದು ಫಲಕವಾದರೂ ಬೇಡವೇ? 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ ‘ಸ್ಮಾರಕ’ ಎಂಬ ಮಾತಿನೊಳಗೆ ನೂರು ವರ್ಷ ದಾಟಿದ ಗವಿಯನ್ನೂ ಸೇರಿಸಿದೆ. ಮನುಷ್ಯ ಬೆಂಕಿಯಿಂದ ಕೊರೆದ ಗವಿಗೆ ಆ ಮಾತು ಹೊಂದದೆಂದು ಯಾರೂ ಹೇಳಲಾರರು. ಹಳೆಯ ಗುಂಡಿಗಳನ್ನು ಅಳೆದು, ನಕ್ಷೆ ಬರೆದು, ಇದ್ದಿಲು ಸಿಕ್ಕಿದರೆ ತಜ್ಞರ ಕೈಯಿಂದಲೇ ತೆಗೆಸಿ ಪರೀಕ್ಷೆಗೆ ಕಳಿಸುವುದು ವರ್ಷಗಟ್ಟಲೆ ಹಿಡಿಯುವ ಕೆಲಸವಲ್ಲ. ಭೂವಿಜ್ಞಾನದವರೂ ಶಾಸನದವರೂ ಒಂದು ಜೀಪಿನಲ್ಲಿ ಕುಳಿತು ಹೊರಟರೆ ಸಾಕು. ಕಾಲೇಜುಗಳಲ್ಲಿ ಆ ಎರಡು ಕೊಠಡಿಗಳ ನಡುವೆ ಇರುವ ಗೋಡೆ ಈ ಕಲ್ಲಿಗಿಂತ ಗಟ್ಟಿ ಎಂಬುದು ಬೇರೆ ಮಾತು.

ಊರಿನ ಹೆಸರು ಹೇಳದ ಕಾರಣ ಹೇಳುತ್ತೇನೆಂದಿದ್ದೆ. ಮೇಲಕ್ಕೆ ಬರುವಾಗ ಸುರಂಗದ ಒಂದು ಮೂಲೆಯಲ್ಲಿ ಹೊಸದಾಗಿ ಅಗೆದ ಮಣ್ಣು, ಒಡೆದ ನಿಂಬೆಹಣ್ಣು, ಕುಂಕುಮ ಕಂಡವು. ನಿಧಿ ಹುಡುಕುವವರು ಅಮಾವಾಸ್ಯೆಗೆ ಬಂದು ಹೋಗಿದ್ದಾರೆ. ಇಂತಹವರ ಕೈಯಲ್ಲಿ ನಮ್ಮ ಹಾಳು ಗುಡಿಗಳ ಗರ್ಭಗುಡಿಗಳು, ವೀರಗಲ್ಲುಗಳು ಏನಾಗಿವೆಯೆಂಬುದನ್ನು ಓದುಗರು ಬಲ್ಲರು. ಚಿನ್ನವೆಂಬ ಸುದ್ದಿ ಪತ್ರಿಕೆಯಲ್ಲಿ ಬಂದರೆ ಆ ಮಸಿಗೋಡೆ ಒಂದು ತಿಂಗಳೂ ಉಳಿಯದು.

ಹೊರಗೆ ಬಂದು ಕೈ ನೋಡಿಕೊಂಡಾಗ ನನ್ನ ಮುಷ್ಟಿಯಲ್ಲಿ ಒಂದು ಇದ್ದಿಲಿನ ಚೂರಿತ್ತು. ಪೊಟರೆಯ ಬಾಯಲ್ಲಿ ಕಲ್ಲುಪುಡಿಯ ನಡುವೆ ಸಿಕ್ಕಿದ್ದು. ನೆನಪಿಗೆ ಇರಲಿ ಎಂದು ತಂದಿದ್ದೆ. ಮಿತ್ರರು ನೋಡಿ, “ಅದು ಅಲ್ಲಿದ್ದರೆ ಸಾಕ್ಷಿ. ನಿಮ್ಮ ಮೇಜಿನ ಮೇಲಿದ್ದರೆ ಬರಿಯ ಇದ್ದಿಲು” ಎಂದರು. ನನಗೆ ಮುಖಭಂಗವಾಯಿತು. ಮೇಣದ ಬತ್ತಿಯನ್ನು ಮತ್ತೆ ಹಚ್ಚಿಕೊಂಡು ಒಳಗೆ ಹೋಗಿ, ಎತ್ತಿದ ಜಾಗದಲ್ಲೇ ಅದನ್ನು ಇಟ್ಟು ಬಂದೆ.

ಯಜಮಾನರು ಒಂದು ಬಂಡೆಯ ಮೇಲೆ ಕುಳಿತು ಕಾಯುತ್ತಿದ್ದರು. ತಾವು ಗಣಿಯಲ್ಲಿದ್ದಾಗ ಎಷ್ಟು ಕೂಲಿ ಕೊಡುತ್ತಿದ್ದರು, ಪಾಳಿ ಮುಗಿಸಿ ಮೇಲೆ ಬಂದಾಗ ಬಿಸಿಲು ಕಣ್ಣಿಗೆ ಹೇಗೆ ಚುಚ್ಚುತ್ತಿತ್ತು ಎಂದು ಹೇಳುತ್ತ, ನಡುನಡುವೆ ಕೆಮ್ಮುತ್ತ ಎದ್ದರು. ಒಳಗೆ ಏನು ಕಂಡಿರಿ ಎಂದು ಕೇಳಲಿಲ್ಲ. ನಾವು ಸರಿಸಿದ್ದ ಜಾಲಿಯ ಮುಳ್ಳನ್ನು ಒಂದೊಂದಾಗಿ ಎಳೆದು ಗುಂಡಿಯ ಬಾಯಿಗೆ ಒಟ್ಟಿ, ಮೇಲೊಂದು ಕಲ್ಲು ಹೇರಿ, “ದನ ಬೀಳ್ತವೆ” ಎಂದರು.